ಹಿತ್ತಲಿನ ತುಡುವೆ

ಊರಿನ ದೊಡ್ಡ ಮರಗಳಲ್ಲಿ ಜೋತುಬೀಳುವ ಹೆಜ್ಜೇನು ಪೆಟ್ಟಿಗೆಗೆ ಒಗ್ಗದು. ಅದು ಬಯಲಲ್ಲಿ ಒಂದೇ ಎರಿ ಕಟ್ಟುವ ಜಾತಿ. ಹವ್ಯಾಸಿಗೆ ತಕ್ಕದ್ದು ಪೊಟರೆಯ ಕತ್ತಲಲ್ಲಿ ಸಾಲು ಎರಿ ಕಟ್ಟುವ ತುಡುವೆ.

ದಾವಣಗೆರೆ, ಹರಿಹರದ ಸುತ್ತ ಭದ್ರಾ ನಾಲೆಯ ನೀರುಂಡ ತೆಂಗು ವರ್ಷವಿಡೀ ಪರಾಗ ಕೊಡುತ್ತದೆ. ಬೇಸಿಗೆಗೆ ಹೊಂಗೆ, ಹುಣಸೆ ಹೂವಿದೆ. ಪೆಟ್ಟಿಗೆಗೆ ನೆರಳು ಬೇಕು, ಹತ್ತಿರದಲ್ಲೇ ನೀರು ಬೇಕು. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಹತ್ತದು. ಮಳೆಗಾಲದಲ್ಲಿ ಹೂವು ಕಡಿಮೆಯಾದಾಗ ಸಕ್ಕರೆ ಪಾಕ ಕೊಡಬೇಕು.

ನಿಜವಾದ ಅಪಾಯ ಕೀಟನಾಶಕದ್ದು. ನೆರೆಯ ರೈತರೊಡನೆ ಮೊದಲೇ ಮಾತಾಡಿ, ಸಿಂಪಡಣೆಯನ್ನು ಹುಳುಗಳು ಗೂಡು ಸೇರುವ ಸಂಜೆಗೆ ಹಾಕಿಸುವುದೇ ಜಾಣತನ.

ರೋಗದ ಮೇಲೂ ಕಣ್ಣಿರಲಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಾಣು ಕರ್ನಾಟಕದ ಲೆಕ್ಕವಿಲ್ಲದಷ್ಟು ತುಡುವೆ ಕುಟುಂಬಗಳನ್ನು ಅಳಿಸಿತು. ಅದು ಕೊಲ್ಲುವುದು ಮರಿಹುಳುಗಳನ್ನು. ಹಾಗಾಗಿ ಹೊಸಬರು ಆರೋಗ್ಯವಂತ ಕುಟುಂಬವನ್ನೇ ತಂದು, ಮರಿಗಳಿರುವ ಎರಿಗಳನ್ನು ಆಗಾಗ ತೆರೆದು ನೋಡಬೇಕು.