ಕೊರಳಪಟ್ಟಿಯ ಮೇಲಿನ ಹೆಸರು: ಸಾಕುನಾಯಿಯ ನೋಂದಣಿ ಮತ್ತು ಶಾಲೆಯ ಹೊಣೆ



ಆತಕೂರಿನ ಶಾಸನ ಕನ್ನಡ ಅಧ್ಯಾಪಕರಿಗೆಲ್ಲ ಪರಿಚಿತವಾದದ್ದು. ಮಂಡ್ಯ ಜಿಲ್ಲೆಯಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಕ್ರಿ.ಶ. 949–50ರ ಕಾಲದ್ದು. ಚೋಳರ ಮೇಲೆ ನಡೆದ ಯುದ್ಧದ ವೃತ್ತಾಂತದೊಡನೆ ಅದರಲ್ಲಿ ನಾಯಿಯೊಂದರ ಕಥೆಯೂ ಇದೆ. ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಒಡೆಯನಿಂದ ಬೇಡಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆಗಾಗಿ ಭೂಮಿಯನ್ನೂ ಬಿಡಲಾಯಿತು. ನಾಯಿಯ ಹೆಸರು, ಅದರ ಒಡೆಯನ ಹೆಸರು, ಊರಿನ ಹೆಸರು ಮೂರೂ ಆ ಕಲ್ಲಿನಲ್ಲಿವೆ. ಇಂದಿನ ನೋಂದಣಿ ಅರ್ಜಿ ಕೇಳುವುದೂ ಈ ಮೂರನ್ನೇ. ಲಸಿಕೆಯ ದಿನಾಂಕವೊಂದು ಮಾತ್ರ ಹೊಸತು.

ಸಾಕುಪ್ರಾಣಿಯ ನೋಂದಣಿಯನ್ನು ಅನೇಕರು ಮತ್ತೊಂದು ತೆರಿಗೆಯೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ‘ಈ ನಾಯಿಗೆ ಉತ್ತರ ಕೊಡುವವರು ಯಾರು?’ ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಕೊಡುವ ಉತ್ತರ. ಆ ಉತ್ತರ ಎಷ್ಟು ಅಗತ್ಯವೆಂಬುದನ್ನು ಅರಿಯಲು ಕೊಯಮತ್ತೂರು ಜಿಲ್ಲೆಯ ವಾಲ್ಪಾರೈಯಂತಹ ಊರನ್ನು ನೋಡಬೇಕು.

ಆಳಿಯಾರಿನಿಂದ ನಲವತ್ತು ತಿರುವುಗಳ ಘಟ್ಟವನ್ನೇರಿದರೆ ವಾಲ್ಪಾರೈ. ಹಸಿರು ಹಾಸಿದಂತಹ ಚಹಾ ತೋಟಗಳು, ನಡುನಡುವೆ ಉಳಿದುಕೊಂಡ ಮಳೆಕಾಡಿನ ತುಣುಕುಗಳು, ಸುತ್ತಲೂ ಆನೈಮಲೈ ಹುಲಿ ಸಂರಕ್ಷಿತ ಪ್ರದೇಶ. ತೋಟದ ಕಾರ್ಮಿಕರು ಸಾಲುಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ವಾಸಿಸುತ್ತಾರೆ. ಇಂತಹ ಸಾಲುಮನೆಗಳ ನಾಯಿಯ ಸ್ಥಿತಿ ವಿಚಿತ್ರವಾದದ್ದು. ಒಂದು ಮನೆಯವರು ಅನ್ನ ಹಾಕುತ್ತಾರೆ, ಇನ್ನೊಂದು ಮನೆಯವರು ಹೆಸರಿಡುತ್ತಾರೆ, ಮೂರನೆಯ ಮನೆಯ ಜಗಲಿಯಲ್ಲಿ ಅದು ಮಲಗುತ್ತದೆ. ಅದು ಕಚ್ಚಿದ ದಿನ ಮಾತ್ರ ಯಾರ ಮನೆಯ ನಾಯಿಯೂ ಅಲ್ಲ.

ಈ ಊರಿನಲ್ಲಿ ನಾಯಿಯ ಪ್ರಶ್ನೆ ಕಾಡಿನ ಪ್ರಶ್ನೆಯೂ ಹೌದು. ವಾಲ್ಪಾರೈಯ ಜನ ಚಿರತೆಯೊಡನೆ ನೆರೆಹೊರೆಯವರಾಗಿ ಬದುಕುತ್ತಿದ್ದಾರೆ. 2025ರ ಜೂನ್ ತಿಂಗಳಿನಲ್ಲಿ ತೋಟವೊಂದರ ಮನೆಯ ಬಳಿಯಿಂದ ಪುಟ್ಟ ಮಗುವನ್ನು ಚಿರತೆ ಹೊತ್ತೊಯ್ದ ದುರಂತವನ್ನು ಆ ಊರು ಮರೆಯಲಾರದು. ಇಂತಹ ದುಃಖದ ಹೊತ್ತಿನಲ್ಲಿ ಯಾರನ್ನಾದರೂ ದೂಷಿಸುವುದು ಸುಲಭ, ಆದುದರಿಂದ ತಿಳಿದ ಸಂಗತಿಯನ್ನು ನಿಖರವಾಗಿ ಹೇಳಬೇಕು. ವಾಲ್ಪಾರೈ ಪ್ರದೇಶದಲ್ಲಿ ಚಿರತೆಯ ಆಹಾರವನ್ನು ಕುರಿತು ನಡೆದ ಅಧ್ಯಯನವು, ಅದರ ಆಹಾರದ ಶೇ. 98ರಷ್ಟು ಭಾಗ ಕಾಡುಪ್ರಾಣಿಗಳೇ ಎಂದು ಕಂಡುಕೊಂಡಿತು. ಕಾಡುಕುರಿ, ಕಡವೆ, ಬರಿಂಕ, ಮುಳ್ಳುಹಂದಿ ಅವುಗಳಲ್ಲಿ ಮುಖ್ಯವಾದವು. ಇದಕ್ಕೆ ತದ್ವಿರುದ್ಧವಾಗಿ, ಕಾಡೇ ಇಲ್ಲದ ಹೊಲಗದ್ದೆಗಳ ಪ್ರದೇಶವಾದ ಮಹಾರಾಷ್ಟ್ರದ ಅಕೋಲೆಯಲ್ಲಿ ಚಿರತೆಯ ಆಹಾರದಲ್ಲಿ ತೂಕದ ಲೆಕ್ಕದಂತೆ ಶೇ. 39ರಷ್ಟು ನಾಯಿಗಳೇ ಇದ್ದವು. ಎರಡನ್ನೂ ಒಟ್ಟಿಗೆ ಓದಿದರೆ ಪಾಠ ಸ್ಪಷ್ಟವಾಗುತ್ತದೆ: ವಾಲ್ಪಾರೈಯ ಚಿರತೆಗೆ ಇನ್ನೂ ಕಾಡಿನ ಊಟವಿದೆ. ಮನೆಯ ಹಿಂದೆ ಕಸ ಎಸೆದು, ಆ ಕಸಕ್ಕೆ ನಾಯಿಗಳು ನೆರೆದು, ರಾತ್ರಿಯೆಲ್ಲ ಅವು ಬಯಲಲ್ಲೇ ಅಲೆಯುವಂತಾದರೆ, ಅದನ್ನು ಮನೆಬಾಗಿಲಿನ ಊಟಕ್ಕೆ ಮನುಷ್ಯರೇ ಕರೆದಂತಾಗುತ್ತದೆ.

ಅಪಾಯ ಒಂದೇ ದಿಕ್ಕಿನದಲ್ಲ. 2018ರಲ್ಲಿ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಕೆಲವು ಸಿಂಹಗಳಲ್ಲಿ ಡಿಸ್ಟೆಂಪರ್ ವೈರಾಣು ಪತ್ತೆಯಾಯಿತು. ಈ ರೋಗ ನಾಯಿಗಳಲ್ಲಿ ಸಾಮಾನ್ಯ. ಆನೈಮಲೈಯ ಕಾಡಿನಲ್ಲಿ ಸೀಳುನಾಯಿಗಳಿವೆ. ಲಸಿಕೆಯಿಲ್ಲದ ಊರನಾಯಿ ಕಾಡಂಚಿನಲ್ಲಿ ತಿರುಗುವುದು ಅವುಗಳಿಗೂ ಕೇಡು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ ಪ್ರಕಾರ ಸಾಕಿದ ಪ್ರಾಣಿಯನ್ನು ನಿಷ್ಕಾರಣವಾಗಿ ಬೀದಿಗೆ ಬಿಡುವುದು ಅಪರಾಧ. ಸದಾ ಸರಪಳಿಯಲ್ಲಿ ಬಿಗಿದು ಓಡಾಟಕ್ಕೂ ಬಿಡದಿರುವುದೂ ಅಪರಾಧವೇ. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರಂತೆ ಸಾಕುನಾಯಿಯ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆಯ ಹೊಣೆ ಮಾಲೀಕರದು, ಬೀದಿನಾಯಿಯ ಹೊಣೆ ಸ್ಥಳೀಯ ಸಂಸ್ಥೆಯದು. ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಈ ಮೂರೂ ಎಲ್ಲ ಊರುಗಳಿಗೂ ಅನ್ವಯಿಸುತ್ತವೆ. ಇವುಗಳ ಮೇಲೆ ಸ್ಥಳೀಯ ಸಂಸ್ಥೆಯ ಪರವಾನಗಿ ಸೇರುತ್ತದೆ. 2024ರ ಮೇ ತಿಂಗಳಿನಲ್ಲಿ ಚೆನ್ನೈನ ಉದ್ಯಾನವೊಂದರಲ್ಲಿ ಎರಡು ಸಾಕುನಾಯಿಗಳು ಐದು ವರ್ಷದ ಬಾಲಕಿಯ ಮೇಲೆರಗಿದ ತರುವಾಯ ಅಲ್ಲಿನ ಮಹಾನಗರಪಾಲಿಕೆ ಪರವಾನಗಿಯನ್ನು ಬಿಗಿಗೊಳಿಸಿತು. ಶುಲ್ಕ 50 ರೂಪಾಯಿ. ಪರವಾನಗಿಯಿಲ್ಲದಿದ್ದರೆ ದಂಡ 5,000 ರೂಪಾಯಿ. ಗುರುತಿಗೆ ಚರ್ಮದಡಿ ಸಣ್ಣ ಚಿಪ್.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ದಿನಗೂಲಿಯ ತಾಯಿಯೊಬ್ಬಳಿಗೆ ಐವತ್ತು ರೂಪಾಯಿ ಹೊರೆಯಾಗದಿರಬಹುದು, ಆದರೆ ಕಚೇರಿಗೆ ಅಲೆಯುವ ಒಂದು ದಿನದ ಕೂಲಿ ಹೊರೆಯೇ. ದಂಡದ ಭಯ ಹೆಚ್ಚಾದರೆ ‘ಇದು ನಮ್ಮ ನಾಯಿಯಲ್ಲ’ ಎಂದು ಕೈತೊಳೆದುಕೊಳ್ಳುವವರೂ ಹೆಚ್ಚುತ್ತಾರೆ. ಆಗ ನಿಯಮವೇ ಅನಾಥ ನಾಯಿಗಳನ್ನು ಹುಟ್ಟಿಸುತ್ತದೆ. ಆದಕಾರಣ ನೋಂದಣಿ ಜನರಿದ್ದಲ್ಲಿಗೆ ಬರಬೇಕು. ರಜೆಯ ದಿನ, ಶಾಲೆಯ ಅಂಗಳದಲ್ಲಿ, ಪಶುವೈದ್ಯರ ಲಸಿಕಾ ಶಿಬಿರದೊಡನೆಯೇ ನೋಂದಣಿಯೂ ನಡೆಯುವಂತೆ ಮುಖ್ಯೋಪಾಧ್ಯಾಯರು ಸ್ಥಳೀಯ ಸಂಸ್ಥೆಯನ್ನು ಕೋರಬಹುದು.

ಕನ್ನಡ ಶಿಕ್ಷಕರಿಗೆ ಇದರಲ್ಲಿ ಪ್ರತ್ಯೇಕವಾದ ಪಾತ್ರವಿದೆ. ತಾಳವಾಡಿಯಾಗಲಿ, ಹೊಸೂರಾಗಲಿ, ಕನ್ನಡ ಮಾತನಾಡುವ ಮನೆಗಳಿಗೆ ಸರ್ಕಾರದ ಪ್ರಕಟಣೆ ತಲುಪುವುದು ಹೆಚ್ಚಾಗಿ ತಮಿಳಿನಲ್ಲಿ. ಓದಲಾರದ ನಿಯಮವನ್ನು ಪಾಲಿಸಲಾಗದು. ಶುಲ್ಕವೆಷ್ಟು, ಯಾವ ದಾಖಲೆ ಬೇಕು, ಕೊನೆಯ ದಿನ ಯಾವುದು ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಬರೆಸಿ ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸುವುದು ಭಾಷಾ ಪಾಠವೂ ಹೌದು, ನಾಗರಿಕ ಪಾಠವೂ ಹೌದು.

ಎಲ್ಲಕ್ಕಿಂತ ಮಿಗಿಲಾದದ್ದು ಮಕ್ಕಳ ಪ್ರಾಣ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲವೆಂದೇ ಹೇಳಬೇಕು. ಅದಕ್ಕೆ ಮೊದಲು ಅದನ್ನು ಪೂರ್ಣವಾಗಿ ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನಾಯಿಗಳಲ್ಲಿ ಶೇ. 70ರಷ್ಟಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ. ಆದರೆ ಮಗು ಕಚ್ಚಿಸಿಕೊಂಡದ್ದನ್ನು ಮುಚ್ಚಿಡುತ್ತದೆ: ಮನೆಯಲ್ಲಿ ಬೈಯುತ್ತಾರೆಂಬ ಭಯ, ತನ್ನ ಪ್ರೀತಿಯ ನಾಯಿಯನ್ನು ಹೊಡೆದು ಕೊಂದಾರೆಂಬ ಭಯ, ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಮಾತಿನ ಭಯ. ಆ ಹಳೆಯ ಬಗೆಯ ಲಸಿಕೆಯನ್ನು ದೇಶದಲ್ಲಿ ಕೈಬಿಟ್ಟು ಎರಡು ದಶಕಗಳಾದವು. ಈಗ ತೋಳಿಗೆ ಕೆಲವೇ ಚುಚ್ಚುಮದ್ದುಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ನೀಲಗಿರಿಯ ಕೂನೂರಿನಲ್ಲಿ 1907ರಲ್ಲೇ ಪಾಶ್ಚರ್ ಸಂಸ್ಥೆ ಸ್ಥಾಪನೆಯಾದ ನಾಡಿನಲ್ಲಿ, ಹೇಳಿಕೊಳ್ಳಲು ಅಂಜಿದ್ದಕ್ಕಾಗಿ ಒಂದು ಮಗುವೂ ಸಾಯಬಾರದು. ‘ಕಚ್ಚಿದರೆ ಬೈಯುವುದಿಲ್ಲ, ಹೇಳು’ ಎಂಬ ಮಾತನ್ನು ತರಗತಿಯಲ್ಲಿ ಶಿಕ್ಷಕರು ವರ್ಷಕ್ಕೊಮ್ಮೆಯಲ್ಲ, ತಿಂಗಳಿಗೊಮ್ಮೆ ಹೇಳಬೇಕು.

ತರಗತಿಗೊಂದು ಸರಳ ಚಟುವಟಿಕೆಯೂ ಸಾಧ್ಯ. ‘ನಮ್ಮ ಬೀದಿಯ ನಾಯಿಗಳು’ ಎಂಬ ಪುಸ್ತಕದಲ್ಲಿ ಮಕ್ಕಳು ನಾಯಿಯ ಹೆಸರು, ಅನ್ನ ಹಾಕುವ ಮನೆ, ಲಸಿಕೆಯ ದಿನಾಂಕ, ರಾತ್ರಿ ಮಲಗುವ ಜಾಗ ಇವನ್ನು ಬರೆಯಲಿ. ಈ ಪುಸ್ತಕ ಯಾರ ಮೇಲೂ ದೂರಾಗಬಾರದು, ದಂಡ ವಿಧಿಸುವವರ ಕೈಗೆ ಹೋಗಬಾರದು. ಲಸಿಕಾ ಶಿಬಿರದ ದಿನ ಯಾವ ನಾಯಿ ಬಿಟ್ಟುಹೋಯಿತೆಂದು ತಿಳಿಯಲು ಮಾತ್ರ ಬಳಕೆಯಾಗಬೇಕು. ನಾಲ್ಕನೆಯ ಅಂಕಣ ಖಾಲಿ ಉಳಿದ ನಾಯಿಯ ಬಗ್ಗೆ ಮಕ್ಕಳೇ ಕೇಳುತ್ತಾರೆ: ‘ಇದು ರಾತ್ರಿ ಎಲ್ಲಿ ಮಲಗುತ್ತದೆ?’ ಕಾಡಂಚಿನ ಊರಿನಲ್ಲಿ ಆ ಪ್ರಶ್ನೆಯೇ ಅರ್ಧ ರಕ್ಷಣೆ.

ಆತಕೂರಿನಲ್ಲಿ ಕಾಳಿಯ ಹೆಸರನ್ನು ಬರೆದದ್ದು ಅದು ಸತ್ತ ಮೇಲೆ. ಇಂದಿನ ನಾಯಿಯ ಹೆಸರನ್ನು ಅದು ಬದುಕಿರುವಾಗಲೇ ಬರೆಯಬೇಕು. ಅದರ ಪಕ್ಕದಲ್ಲಿ ಒಬ್ಬ ಮನುಷ್ಯನ ಹೆಸರೂ ಇರಬೇಕು.