ಮನೆಗೆ ಬಂದ ಮುಧೋಳ ಮರಿ, ಮಗುವಿನ ಉಬ್ಬಸ



ಮುಧೋಳ ನಾಯಿ ನಮ್ಮ ಭಾಗದ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ಹೊರತಂದಿತು. ಅದರ ಕೂದಲು ಗಿಡ್ಡ, ಆದ್ದರಿಂದ ಅಲರ್ಜಿ ಆಗದು ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಅಲರ್ಜಿಗೆ ಮೂಲ ಕೂದಲಲ್ಲ. ನಾಯಿಯ ಜೊಲ್ಲು, ಮೂತ್ರ ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು.

ಮರಿ ತಂದ ಮೇಲೆ ಮಗುವಿಗೆ ಸೀನು, ಕಣ್ಣು ತುರಿಕೆ, ರಾತ್ರಿ ಕೆಮ್ಮು, ಉಬ್ಬಸ ಶುರುವಾದರೆ ಬರೀ ನೆಗಡಿ ಎಂದು ಸುಮ್ಮನಿರಬೇಡಿರಿ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಹತ್ತಿಯ ಧೂಳಿನಿಂದಲೂ ಕೆಮ್ಮು, ದಮ್ಮು ಬರಬಹುದು. ಆದ್ದರಿಂದ ನಾಯಿಯ ಜೊತೆಗೆ ಮಗ್ಗದ ವಿಷಯವನ್ನೂ ವೈದ್ಯರಿಗೆ ತಿಳಿಸಿರಿ.

ನಾಯಿಯನ್ನು ಮಲಗುವ ಕೋಣೆಗೆ ಬಿಡಬೇಡಿರಿ. ಅದನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ವಾರಕ್ಕೊಮ್ಮೆ ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಇನ್‌ಹೇಲರ್ ಚಟವಾಗುವುದಿಲ್ಲ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ.

ಇಷ್ಟಾದರೂ ಉಬ್ಬಸ ನಿಲ್ಲದಿದ್ದರೆ ನಾಯಿಯನ್ನು ಬೀದಿಪಾಲು ಮಾಡದೆ, ಚೆನ್ನಾಗಿ ಸಾಕುವವರಿಗೆ ಒಪ್ಪಿಸಿರಿ. ಅದು ಹೋದ ಮೇಲೂ ಹೊಟ್ಟು ತಿಂಗಳುಗಟ್ಟಲೆ ಮನೆಯಲ್ಲಿ ಉಳಿಯಬಹುದು, ಔಷಧ ಮುಂದುವರಿಯಲಿ.

ಮಾತನಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಬೆಳಗಾಗಲೆಂದು ಕಾಯದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆತನ್ನಿರಿ.