ಬೀದಿಯ ಕ್ಯಾಮೆರಾ, ಮನೆಯ ಮೊಬೈಲು



ಹೆಂಗಸರ ರಕ್ಷಣೆಗೆಂದು ಬೆಂಗಳೂರಿನ ಬೀದಿಗಳಲ್ಲಿ ನಿರ್ಭಯಾ ನಿಧಿಯ 'ಸೇಫ್ ಸಿಟಿ' ಯೋಜನೆಯಡಿ ಸಾವಿರಾರು ಕ್ಯಾಮೆರಾ ಹಾಕಿದ್ದಾರೆ. ಬೇಡವೆನ್ನುವುದಿಲ್ಲ. ಆದರೆ ವರದಕ್ಷಿಣೆಗಾಗಿ ಹೊಡೆತ ಬೀಳುವುದು ಬೀದಿದೀಪದ ಕೆಳಗಲ್ಲ, ಅಡುಗೆಮನೆಯಲ್ಲಿ. ಅಲ್ಲಿ ಕಣ್ಗಾವಲಿನ ಯಂತ್ರ ಗಂಡನ ಕೈಯಲ್ಲಿದೆ.

ಹೆಂಡತಿಯ ವಾಟ್ಸಾಪನ್ನು ತನ್ನ ಕಂಪ್ಯೂಟರಿಗೆ ಜೋಡಿಸಿಕೊಂಡು ಓದುವುದು, ಅವಳು ತವರಿಗೆ ಹೋದಳೋ ಸಂಘಕ್ಕೆ ಹೋದಳೋ ಎಂದು ನಕ್ಷೆಯಲ್ಲಿ ನೋಡುವುದು. ಇದಕ್ಕೆ ಕಾಳಜಿ ಎಂದು ಹೆಸರು! ಹೆಣ್ಣಿನ ಇಂಟರ್ನೆಟ್, ಇ-ಮೇಲ್ ಬಳಕೆಯ ಮೇಲೆ ಕಣ್ಣಿಡುವುದು 2013ರಿಂದಲೇ ಅಪರಾಧ. ಈಗದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೇ 3 ವರ್ಷದವರೆಗೆ ಸಜೆಯಾಗಬಹುದು. ಗಂಡನಿಗೆ ವಿನಾಯಿತಿ ಎಂದು ಅದರಲ್ಲೆಲ್ಲೂ ಬರೆದಿಲ್ಲ. ಠಾಣೆಯಲ್ಲಿ 'ಮನೆ ಜಗಳ, ಹೊಂದಿಕೊಂಡು ಹೋಗಮ್ಮ' ಎಂದರೆ ಈ ಸಂಖ್ಯೆ ಹೇಳಿ.

ಬಠಿಂಡಾದ ಒಂದು ವಿಚ್ಛೇದನ ಪ್ರಕರಣದಲ್ಲಿ ಗಂಡ ಹೆಂಡತಿಯ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದ. ಅದು ಅವಳ ಖಾಸಗಿತನಕ್ಕೆ ಧಕ್ಕೆ ಎಂದು ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. 2025ರ ಜುಲೈ 14ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಗಂಡ ಹೆಂಡಿರ ದಾವೆಯಲ್ಲಿ ಇಂಥದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದಿತು. ಈ ತೀರ್ಪು ನನಗೆ ಅರ್ಧ ಹಿಡಿಸಿತು, ಅರ್ಧ ಹಿಡಿಸಲಿಲ್ಲ. ಒಳ್ಳೆಯ ಫೋನೂ ಅದನ್ನು ಬಳಸುವ ಬಿಡುವೂ ಗಂಡಸರಿಗೇ ಹೆಚ್ಚು. ಆದರೂ ನಾಲ್ಕು ಗೋಡೆಯ ನಡುವೆ ಸಾಕ್ಷಿಯೇ ಸಿಗದ ನಮಗೆ, 'ತವರಿನಿಂದ ಇನ್ನೂ ಎರಡು ಲಕ್ಷ ತಾ' ಎಂಬುದು ಅವನ ದನಿಯಲ್ಲೇ ನ್ಯಾಯಾಲಯಕ್ಕೆ ಕೇಳಿಸುವುದು ಸಣ್ಣ ಮಾತೇ?

ಬೈಗುಳದ ಮೆಸೇಜು ಬಂದರೆ ಹೇಸಿಗೆಯಿಂದ ಅಳಿಸಿಬಿಡುತ್ತೇವೆ. ಅಳಿಸಬೇಡಿ. ಅದು ಬಂದ ಫೋನನ್ನೇ ಜೋಪಾನ ಮಾಡಿ. ಪ್ರತಿಯನ್ನು ಕೋರ್ಟಿಗೆ ಕೊಡಲು ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು, ಅದನ್ನು ವಕೀಲರು ಮಾಡಿಸುತ್ತಾರೆ.

ವಾಟ್ಸಾಪಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದರೆ ಬೇರೆಲ್ಲಿ ಜೋಡಣೆಯಾಗಿದೆಯೆಂದು ಕಾಣುತ್ತದೆ. ಕಂಡ ಕೂಡಲೇ ಕಿತ್ತುಹಾಕಬೇಡಿ. ಅವನಿಗೆ ಗೊತ್ತಾಗುತ್ತದೆ, ಆ ರಾತ್ರಿ ಅದೇ ಮನೆಯಲ್ಲಿರಬೇಕಾದವರು ನೀವು. ಮೊದಲು ಸಂಘದ ಗೆಳತಿಯ ಫೋನಿನಲ್ಲಿ ಆ ಪರದೆಯ ಫೋಟೋ ತೆಗೆಸಿ. 181ಕ್ಕೋ 112ಕ್ಕೋ ಕರೆ ಮಾಡುವುದೂ ಅವಳ ಫೋನಿನಿಂದಲೇ ಆಗಲಿ. ಫೋನು, ಮೆಸೇಜಿನ ಮೂಲಕವೂ ಇವಳನ್ನು ಸಂಪರ್ಕಿಸಕೂಡದು ಎಂದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅರ್ಜಿ ಬರೆಸಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಬಳಿ ಹೋಗಿ, ರಕ್ಷಣಾಧಿಕಾರಿಯ ಕೆಲಸವೂ ಅವರದೇ. ಕಚೇರಿ ಎಲ್ಲಿದೆಯೆಂದು ಅಂಗನವಾಡಿ ಟೀಚರಿಗೆ ಗೊತ್ತಿರುತ್ತದೆ.